ಮಿಕ್ಕ ಮಣ್ಣು

ನನ್ನ ತಂಗಿಯ ಮಗಳು ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಾಳೆ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಇಳಿದವನು. ಆದರೆ ಅಂಕೋಲೆಯಿಂದ ಬೇಲೆಕೇರಿಯವರೆಗೆ ನಾನು ಹಾಕಿದ ಪಾಯ ಒಂದೂ ಕುಸಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನನ್ನ ಮರ್ಯಾದೆಯೇ ಸ್ವಲ್ಪ ಕುಸಿಯುವುದಿದೆ.

ರಜೆಗೆ ಬಂದವಳು ಕಾರವಾರದ ಒಂದು ಶಾಲೆಯಲ್ಲಿ ತನ್ನ ವಿಷಯ ಹೇಳಿ, ಮುಖ ಸಣ್ಣ ಮಾಡಿಕೊಂಡು ಮರಳಿದಳು. ಪ್ರಶ್ನೆ ಕೇಳಿ ಅಂದರೆ ಒಬ್ಬ ಎದ್ದುನಿಂತು, "ಬೆಲ್ ಯಾವಾಗ?" ಎಂದನಂತೆ. ಮುಂದಿನ ಸರದಿ ಬೆಳಂಬಾರದ್ದು, ಅವಳೇ ಕಲಿತ ಶಾಲೆ.

"ಅಲ್ಲೂ ಒಂದು ಸರಿಯಾದ ಪ್ರಶ್ನೆ ಬರ್ಲಿಲ್ಲ ಅಂದ್ರೆ, ಕನ್ನಡದಲ್ಲಿ ಹೇಳೂಕೆ ನಂಗೆ ಬರೂದಿಲ್ಲ ಅಂತ ಬಿಟ್ಬಿಡ್ತೆ, ಮಾವ."

"ಮೊದ್ಲು ನಂಗೆ ಹೇಳು. ನಂಗೆ ತಿಳದ್ರೆ ಮಕ್ಕಳಿಗೂ ತಿಳೀತದೆ."

ದ್ರವ್ಯ, ಪ್ರತಿದ್ರವ್ಯ ಎಂದು ಶುರು ಮಾಡಿದಳು.

"ದ್ರವ್ಯ ಅಂದ್ರೆ ಹುಗಿದಿಟ್ಟ ಬಂಗಾರ ಅಲ್ವನೇ?"

"ಅಲ್ಲ. ಈ ಕಲ್ಲು, ಆ ಬಾವಿ, ನೀನು, ಎಲ್ಲ ದ್ರವ್ಯವೇ."

"ನನ್ನ ಯಾರಾದ್ರೂ ಹಂಗೆ ಕರದ್ರಲ್ಲ, ಇಷ್ಟು ವರ್ಷಕ್ಕೆ."

ಜಗತ್ತು ಹುಟ್ಟಿದಾಗ ಎರಡೂ ಸಮಸಮ ಇದ್ದವಂತೆ. ಒಂದಕ್ಕೊಂದು ತಾಗಿದರೆ ಎರಡೂ ಮಾಯ, ಬೆಳಕಷ್ಟೇ ಉಳಿಯುತ್ತದೆ. ಹಾಗೆ ನೋಡಿದರೆ ಏನೂ ಉಳಿಯಬಾರದಿತ್ತು. ಆದರೂ ದ್ರವ್ಯ ಚೂರು ಮಿಕ್ಕಿತು. ಆ ಮಿಕ್ಕಿದ್ದೇ ನಾವು. ಯಾಕೆ ಮಿಕ್ಕಿತು ಎಂದು ಹುಡುಕುವುದೇ ಅವಳ ಕೆಲಸ.

"ಇದ್ಕೆ ಇಷ್ಟು ಓದ್ಬೇಕಾ?" ಎಂದು ಹಿತ್ತಲಿಗೆ ಕರೆದುಕೊಂಡು ಹೋದೆ. ಮನೆ ಕಟ್ಟುವ ಮೊದಲು ನಾವು ಮೊಳದಾಳದ ಗುಂಡಿ ತೋಡಿ, ಅದೇ ಮಣ್ಣನ್ನು ಸಡಿಲವಾಗಿ ಮತ್ತೆ ತುಂಬಿ ನೋಡುತ್ತೇವೆ. ಮಣ್ಣು ಮಿಕ್ಕರೆ ಜಾಗ ಒಳ್ಳೆಯದು. ತೋಡಿ ತುಂಬಿ ತೋರಿಸಿದೆ. ಅರ್ಧ ಬುಟ್ಟಿ ಮಿಕ್ಕಿತು. ಮಕ್ಕಳಿಗೂ ಇದನ್ನೇ ತೋರಿಸುವಾ ಎಂದು, ಬರೆದುಕೊಳ್ಳಲು ಪುಸ್ತಕ ತರಲು ಅವಳು ಒಳಗೆ ಓಡಿದಳು.

ಬೆಳಂಬಾರದ ಶಾಲೆಯ ಹಿಂದೆ, ಮಕ್ಕಳೆಲ್ಲ ಸುತ್ತ ನಿಂತಿರಲು, ಗುಂಡಿ ತೋಡಿದೆ.

"ಈ ಗುಂಡಿ ಪ್ರತಿದ್ರವ್ಯ, ಈ ಮಣ್ಣು ದ್ರವ್ಯ," ಎಂದಳು ಅವಳು. "ಮಾವ ಈಗ ಎರಡನ್ನೂ ಸೇರಸ್ತಾರೆ. ಏನಾಗ್ತದೆ ನೋಡಿ."

ಅಷ್ಟು ಜನ ನೋಡುತ್ತಿದ್ದಾರಲ್ಲ, ಕೆಲಸ ಚೊಕ್ಕವಾಗಿರಲಿ ಎಂದುಕೊಂಡೆ. ಅರ್ಧ ತುಂಬಿ ಒಂದು ಕೊಡ ನೀರು ಹೊಯ್ದು, ಗಟ್ಟಿಯಾಗಿ ಕುಟ್ಟಿ ದಮ್ಮಸು ಹೊಡೆದೆ. ಮತ್ತೆ ಮಣ್ಣು, ಮತ್ತೆ ನೀರು, ಮತ್ತೆ ದಮ್ಮಸು. ಪಾಯ ತುಂಬುವ ಕೈ, ಚೊಕ್ಕ ಕೆಲಸ ಎಂದರೆ ಅದಕ್ಕೆ ಇದೊಂದೇ ಗೊತ್ತು. ತಲೆ ಎತ್ತಿದಾಗ ಮಣ್ಣೆಲ್ಲ ಮುಗಿದಿತ್ತು, ಗುಂಡಿ ಇನ್ನೂ ನಾಲ್ಕು ಬೆರಳು ಬಾಕಿ ಇತ್ತು.

"ಮಾವ, ನಿಂಗೆ ಕುಟ್ಟೂಕೆ ಹೇಳದ್ದು ಯಾರು?" ಎಂದಳು ಹಲ್ಲು ಕಚ್ಚಿ.

"ಕುಟ್ಟದೇ ಬಿಟ್ರೆ ಅದೊಂದು ಕೆಲ್ಸನಾ?"

ಮಕ್ಕಳು ಗೊಳ್ಳೆಂದು ನಕ್ಕರು. ಅವಳ ಮುಖ ಕಾರವಾರದಿಂದ ಬಂದ ದಿನದ ಹಾಗೆಯೇ ಆಯಿತು. ಅಷ್ಟರಲ್ಲಿ ಗುಂಡಿಯನ್ನೇ ನೋಡುತ್ತಿದ್ದ ಒಬ್ಬ ಹುಡುಗಿ ಕೇಳಿದಳು:

"ಅಕ್ಕೋರೆ, ಕುಟ್ಟದೇ ಇದ್ರೆ ಮಿಗ್ತಿತ್ತಾ? ಹಂಗಾರೆ ಜಗತ್ತು ಹುಟ್ಟೂವಾಗ ಕುಟ್ಟೂಕೆ ಯಾರೂ ಇಲ್ಲಾಗಿತ್ತು ಅಂತ ನಾವು ಉಳದದ್ದಾ?"

ಸೋದರಸೊಸೆ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಯಾಕೆ ಉಳದದ್ದು ಅಂತ ನಂಗೂ ಗೊತ್ತಿಲ್ಲ ತಂಗಿ. ಅದನ್ನೇ ಈಗ್ಲೂ ಹುಡುಕ್ತಾ ಇದ್ದೆ."

ಆಮೇಲೆ ಪ್ರಶ್ನೆಯ ಮೇಲೆ ಪ್ರಶ್ನೆ. ಬೆಲ್ ಹೊಡೆಯಿತು, ಯಾರೂ ಕದಲಲಿಲ್ಲ.

ನಾನು ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಮರಳುವಾಗ ಅವಳೆಂದಳು: "ಪುಣ್ಯಕ್ಕೆ ಆವಾಗ ನೀ ಇರ್ಲಿಲ್ಲ ಮಾವ. ಎಂತದೂ ಉಳೀತಿರ್ಲಿಲ್ಲ."

"ಉಳೀದೇ ಇದ್ರೆ ಬೇಡ," ಎಂದೆ. "ಪಾಯ ಗಟ್ಟಿ ಇರ್ತಿತ್ತು."