ಹಸಿರು ದಾರದ ಚಮಚ

ಸೋಪು ಹಾಕಿ ಎರಡು ಸಲ ತೊಳೆದರೂ ಹೆಬ್ಬೆರಳಿನ ಅಂಟು ಹೋಗಿಲ್ಲ ನೋಡಿ. ಮೂಸಿದರೆ ಕಿತ್ತಳೆ ಸಿಪ್ಪೆ, ಲವಂಗ, ರಮ್ಮು. ಒಳ್ಳೆಯ ವಾಸನೆಯೇ. ಆದರೆ ಇವತ್ತು ಅದು ನನ್ನ ಮೈ ಉರಿಸುತ್ತಿದೆ.

ಇಂದಿರಾನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಕ್ರಿಸ್‌ಮಸ್ಸಿಗೆ ಮಿನ್ಸ್‌ಮೀಟ್ ಕಲಸುವ ಕಾರ್ಯಕ್ರಮವಿತ್ತು. ಅಂದರೆ ಒಣದ್ರಾಕ್ಷಿ, ಸೇಬು, ಕಿತ್ತಳೆ ಸಿಪ್ಪೆ ಎಲ್ಲ ಸಣ್ಣಗೆ ಹೆಚ್ಚಿ, ಸಕ್ಕರೆ ಮಸಾಲೆ ಬೆರೆಸಿ ವಾರಗಟ್ಟಲೆ ನೆನೆಸುವುದು. ಆಮೇಲೆ ಪುಟ್ಟ ಪೈಗಳ ಹೊಟ್ಟೆಗೆ ತುಂಬಿ ಬೇಯಿಸುವುದು. ನಮ್ಮ ಅಪಾರ್ಟ್‌ಮೆಂಟಿನವರು ದ್ರಾಕ್ಷಿಯನ್ನು ಮಿಕ್ಸಿಗೆ ಹಾಕಿ ಚಟ್ನಿ ಮಾಡಿದರು, ಸಹಿಸಿಕೊಂಡೆ. ಎಲ್ಲರಿಗೂ ಬಿಳಿ ಟೋಪಿ ಹಾಕಿಸಿ ಫೋಟೊ ತೆಗೆದರು, ನಾನೂ ಹಲ್ಲು ಕಿರಿದೆ. ರಮ್ಮಿನ ಬಾಟಲಿಗಳನ್ನೆಲ್ಲ ಒಂದೇ ಟಬ್ಬಿಗೆ ಬಗ್ಗಿಸಿದ ಮೇಲೆ ನಮ್ಮ ಸೆಕ್ರೆಟರಿ ಅದರಿಂದಲೇ ಒಂದು ಡಬ್ಬಿ ತುಂಬಿ, 'ರಮ್ ಇಲ್ಲ' ಅಂತ ಚೀಟಿ ಅಂಟಿಸಿದರು.

"ಏನ್ರೀ ಇದು?" ಅಂದೆ.

"ಫೋರ್ತ್ ಫ್ಲೋರ್ ಶಬಾನಾ ಅವ್ರ ಮನೆಗೆ ಮೇಡಂ. ಬೇರೆ ಮಾಡೋದು ಮರ್ತೇ ಹೋಯ್ತು. ಬೇಕ್ ಆದ್ಮೇಲೆ ಯಾರಿಗ್ ಗೊತ್ತಾಗುತ್ತೆ, ಬಿಡಿ."

ದನಿ ಎತ್ತಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಚೆನ್ನಾಗಿಯೇ ಕಲಿಸಿದ್ದರು. ಎತ್ತಲಿಲ್ಲ. ಚೀಟಿಯನ್ನು ಪರ್ರನೆ ಕಿತ್ತು, ಡಬ್ಬಿಯಲ್ಲಿದ್ದದ್ದನ್ನು ಟಬ್ಬಿಗೇ ಸುರಿದು ಮನೆಗೆ ಬಂದೆ. ಅದರ ಅಂಟು ಇದು.

ಯಾರಿಗ್ ಗೊತ್ತಾಗುತ್ತೆ! ಆ ಮಾತು ಇಷ್ಟು ಕುಟುಕಲು ಕಾರಣವಿದೆ. ಅದನ್ನೇ ನಾನೂ ಒಮ್ಮೆ ಆಡಿದ್ದೆ.

ಮದುವೆಯಾಗಿ ಕುಕ್ ಟೌನಿಗೆ ಬಂದ ಹೊಸತು. ಪಕ್ಕದ ಮನೆಯ ಮಾರ್ಗರೆಟ್ ಆಂಟಿ ನವೆಂಬರ್ ಬಂತೆಂದರೆ ಮೂರು ಜಾಡಿ ಮಿನ್ಸ್‌ಮೀಟ್ ಇಡೋರು. ಅವರದಕ್ಕೆ ದನದ ಕೊಬ್ಬು, ರಮ್ಮು ಎರಡೂ. ನಮ್ಮದಕ್ಕೆ ಕೊಬ್ಬಿನ ಬದಲು ಬೆಣ್ಣೆ. ರಮ್ಮಿನ ವಿಷಯದಲ್ಲಿ ಮಾತ್ರ ನಮ್ಮತ್ತೆ ಬಹಳ ಉದಾರಿ. ಎದುರುಮನೆಯ ನಸೀಮಾ ಆಪಾಗೆ ಬೆಣ್ಣೆ, ಕಿತ್ತಳೆ ರಸ, ಅದು ಫ್ರಿಜ್ಜಿನಲ್ಲಿ. ಮೂರಕ್ಕೂ ಬೇರೆ ಬೇರೆ ಮರದ ಚಮಚ, ಹಿಡಿಗೆ ಕ್ರಮವಾಗಿ ಕೆಂಪು, ಹಳದಿ, ಹಸಿರು ದಾರ. ದ್ರಾಕ್ಷಿ ಕತ್ತರಿಸುವುದು ಬಿಸಿನೀರಲ್ಲಿ ಅದ್ದಿದ ಕತ್ತರಿಯಿಂದ, ಒಂದೊಂದಾಗಿ. ದರ್ಜಿ ಅಂಗಡಿಯಲ್ಲಿ ಕೂತ ಹಾಗಿರುತ್ತಿತ್ತು.

ಒಂದು ಭಾನುವಾರ ಆಂಟಿ ಚರ್ಚಿಗೆ ಹೊರಡುವಾಗ ಜಾಡಿ ಕಲಕುವ ಕೆಲಸ ನನಗೆ ಒಪ್ಪಿಸಿದರು. ಮೂರು ಚಮಚ ಯಾರು ತೊಳೀತಾರೆ ಅಂತ ನಾನು ಕೆಂಪು ದಾರದ್ದನ್ನೇ ಮೂರರಲ್ಲೂ ಆಡಿಸಿಬಿಟ್ಟೆ. ಆಂಟಿ ವಾಪಸ್ ಬಂದು, ಒಣಗಿಕೊಂಡೇ ಇದ್ದ ಎರಡು ಚಮಚ ನೋಡಿದರು, ನನ್ನ ಮುಖ ನೋಡಿದರು.

"ಒಂದ್ ಚೂರು ತಾಗಿರುತ್ತೆ ಆಂಟಿ. ಯಾರಿಗ್ ಗೊತ್ತಾಗುತ್ತೆ?"

"ಗೊತ್ತಾಗಲ್ಲ ಅಂತಾನೇ ಅಲ್ವಾ ಚೈಲ್ಡ್, ನಸೀಮಾ ನನ್ನ ನಂಬಿರೋದು? ಹೋಗು, ನೀನೇ ಹೇಳ್ಬಿಟ್ ಬಾ. ಆಮೇಲೆ ನಿಮ್ಮತ್ತೆಗೆ."

ರಸ್ತೆ ದಾಟಿ ಹೋಗಿ ಎಲ್ಲ ಹೇಳಿದೆ. ನಸೀಮಾ ಆಪಾ ಪೂರ್ತಿ ಕೇಳಿಸಿಕೊಂಡು, ಒಳಗೆ ಹೋಗಿ ತಮ್ಮ ಹೊಲಿಗೆ ಕತ್ತರಿ ತಂದರು. "ಹೇಳಿದ್ಯಲ್ಲ, ಸಾಕು. ನಡಿ, ಮತ್ತೆ ಕತ್ತರಿಸೋಣ. ಆದ್ರೆ ಚಮಚ ಇವತ್ತು ನನ್ ಕೈಲಿ!" ಅತ್ತೆ ಮಾತ್ರ ಎರಡು ದಿನ ಮಾತಾಡಲಿಲ್ಲ.

ಆಂಟಿ ಈಗಿಲ್ಲ. ಅವರ ಚಮಚಗಳು ನನ್ನ ಬಳಿ ಇವೆ. ಈಗಷ್ಟೇ ಶಬಾನಾಗೆ ಫೋನ್ ಮಾಡಿ ಬೆಳಗಿನದೆಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ.

"ಹೋದ್ ವರ್ಷದ್ದೂ ಹೀಗೇನಾ ಆಂಟಿ?"

ನನಗೆ ಗೊತ್ತಿಲ್ಲ. ಹೋದ ವರ್ಷ ಚೀಟಿ ಅಂಟಿಸಿದ ಆ ಡಬ್ಬಿಯನ್ನು ನಗುನಗುತ್ತಾ ಅವಳ ಮನೆಗೆ ಮುಟ್ಟಿಸಿದವಳು ನಾನೇ. ಒಳಗೇನಿದೆ ಅಂತ ಒಂದು ಮಾತು ಕೇಳಿರಲಿಲ್ಲ. ಬೆಳಿಗ್ಗೆಯಿಂದ ಸೆಕ್ರೆಟರಿಯ ಮೇಲೆ ಕುದಿಯುತ್ತಿದ್ದ ಸಿಟ್ಟಿನಲ್ಲಿ ಅರ್ಧ ಈಗ ನನ್ನ ಪಾಲಿಗೇ ಬಂದಿದೆ.

ಅದನ್ನೂ ಅವಳಿಗೆ ಹೇಳಿದೆ. "ಕತ್ತರಿ ತಗೊಂಡು ಬಾ" ಅಂದೆ.

ನೀರು ಕಾಯುತ್ತಿದೆ. ಹಸಿರು ದಾರ ಮಾಸಿತ್ತು, ಹೊಸದು ಕಟ್ಟಿದ್ದೇನೆ. ಬರುತ್ತಾಳೋ ಇಲ್ಲವೋ. ಬಂದರೆ ಚಮಚ ಅವಳ ಕೈಲೇ.