ಮಾಸ್ತರಿಗೆ ಕೇಳಿಸದ ಸ್ವರ

ಆ ಪುಟ್ಟ ಕರಿ ಮಷೀನಿನ ಬಟನ್ನುಗಳ ಮೇಲೆ ಯಾವಾಗಲೂ ಚಾಕ್‌ಪೀಸಿನ ಬಿಳಿ ಪುಡಿ ಮೆತ್ತಿರುತ್ತಿತ್ತು. ಶಹಾಪುರದ ನಮ್ಮ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದ ಮಾಸ್ತರು ಗೋಗಿಯ ಹೈಸ್ಕೂಲಿನಲ್ಲಿ ಸೈನ್ಸ್ ಕಲಿಸಿ, ಶೇರ್ ಆಟೋದಲ್ಲಿ ಒತ್ತಿಕೊಂಡು ಬಂದು, ಕೈ ತೊಳೆಯುವ ಮೊದಲೇ ಅದನ್ನು ಹಿಡಿಯುತ್ತಿದ್ದರು. ಬೂಟು ಸಹ ಬಿಚ್ಚದೆ ಮೆಟ್ಟಿಲ ಮೇಲೇ ಕೂತುಬಿಡುವರು. ನಲವತ್ತು ದಾಟಿದ ಮನುಷ್ಯನಿಗೆ ವಿಡಿಯೋ ಗೇಮೇ, ಹೌ ಚೈಲ್ಡಿಶ್ ಅಂತ ಮೊದಮೊದಲು ಅಂದುಕೊಂಡಿದ್ದೆ.

ಅವರು ಆಡುತ್ತಿರಲಿಲ್ಲ, ಕೇಳುತ್ತಿದ್ದರು. ಹಳೇ ಟಿವಿ ಗೇಮುಗಳ ಸಂಗೀತವನ್ನಷ್ಟೇ ಆ ಅಂಗೈಯಗಲದ ಗೇಮ್ ಮಷೀನಿನಲ್ಲಿ ನುಡಿಸುವ ಪ್ರೋಗ್ರಾಮೊಂದನ್ನು ತಾವೇ ಬರೆದು, ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಫ್ರೀಯಾಗಿ ಬಿಟ್ಟಿದ್ದರು. ಕಂಪನಿಯವರ ಹಂಗಿಲ್ಲದೆ ಮನೆಯಲ್ಲಿ ಕೂತು ಬರೆಯುವ ಇಂಥದ್ದಕ್ಕೆ ಹೋಮ್‌ಬ್ರೂ ಅಂತಾರಂತೆ. ಬ್ರೆಜಿಲ್, ಪೋಲೆಂಡ್ ಅಂತ ಎಲ್ಲೆಲ್ಲಿಯದೋ ಜನ ಅವರಿಗೆ ಮೆಸೇಜು ಹಾಕುತ್ತಿದ್ದರು.

ಹುಡುಗರಾಗಿದ್ದಾಗ ಯಾದಗಿರಿಯಲ್ಲಿ ಅವರ ಓಣಿಯ ಮೂಲೆಗೆ ಒಂದು ಗೇಮಿನ ಅಂಗಡಿ ಇತ್ತಂತೆ. ಟೇಲರ್ ಕೆಲಸದ ತಂದೆ ಬಹಳ ಸ್ಟ್ರಿಕ್ಟು, ಒಳಗೆ ಕಾಲಿಡಲು ಬಿಟ್ಟಿರಲಿಲ್ಲ.

“ಆಟ ನಾ ನೋಡೇ ಇಲ್ರಿ ಮೇಡಂ. ಪರದಾದ ಹೊರಗ ನಿಂತು ಬರೇ ಕೇಳೀನಿ” ಅಂದಿದ್ದರು ಒಮ್ಮೆ.

ನಾನು ಹೈದರಾಬಾದಿನ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರೊಬ್ಬರು ಪಿಯಾನೋ ಕಲಿಸಿದ್ದರು. ಅದು ಗೊತ್ತಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮಾಸ್ತರು ಮಷೀನು ತಂದು ನನ್ನ ಮುಂದಿಟ್ಟರು. ಮೇಲಿನ ಸ್ವರ ಚುಚ್ಚುತ್ತದೆ ಅಂತ ಆ ದೂರದ ಜನ ಒಂದೇ ಸಮ ಕಂಪ್ಲೇಂಟ್ ಮಾಡುತ್ತಿದ್ದರಂತೆ. ಅವರ ಇಯರ್‌ಫೋನ್ ಹಲ್ಕಾ ಇರಬೇಕು, ನೀವು ಕೇಳಿ ಹೇಳ್ರಿ ಅಂದರು.

ಕೇಳಿದೆ. ಒಟ್ಟಿಗೆ ನುಡಿಯುವ ನಾಲ್ಕು ಸ್ವರಗಳಲ್ಲಿ ಕೆಳಗಿನ ಮೂರು ಮುದ್ದಾಗಿದ್ದವು, ವೆರಿ ಸ್ವೀಟ್. ಮೇಲಿನದು ಮಾತ್ರ ಸ್ಟೀಲ್ ಪಾತ್ರೆಯನ್ನು ಕಲ್ಲಿನ ಮೇಲೆ ಎಳೆದ ಹಾಗೆ.

“ಮಾಸ್ತರ, ಕಿವಿ ಹರೀಲಾಕತ್ತದ. ಯಾಕಿಷ್ಟು ಜೋರ್ ಇಟ್ಟೀರಿ?”

“ಜೋರಾ? ನನಗ ಇನ್ನಾ ಮೆಲ್ಲಗ ಅನಸ್ತದಲ್ರಿ.”

ಆಮೇಲೆ ಅವರು ಸೈನ್ಸ್ ಮಾಸ್ತರೇ ಆಗಿಬಿಟ್ಟರು. ಒಂದೇ ಸ್ವರವನ್ನು ಏರಿಸುತ್ತಾ ಹೋಗುವಂತೆ ಮಷೀನಿಗೆ ಹೇಳಿಟ್ಟು, ಇಬ್ಬರೂ ಕಣ್ಣು ಮುಚ್ಚೋಣ, ಕೇಳಿಸುತ್ತಿರುವ ತನಕ ಕೈ ಎತ್ತಿ ಹಿಡಿಯೋಣ ಅಂದರು. ಸ್ವರ ಏರಿತು, ಸೂಜಿಯಂತಾಯಿತು. ತಡೆಯಲಾರದೆ ಕಣ್ಣು ತೆರೆದೆ. ಎಪ್ಪತ್ತು ದಾಟಿದ ನನ್ನ ಕೈ ಇನ್ನೂ ಮೇಲೇ ಇತ್ತು. ಅವರ ಕೈ ಆಗಲೇ ತೊಡೆಯ ಮೇಲಿತ್ತು. ಅವರೂ ಕಣ್ಣು ತೆರೆದು ನನ್ನ ಕೈಯನ್ನೇ ನೋಡುತ್ತಿದ್ದರು.

ಒಂದೊಂದು ಸಲ ಪ್ರೋಗ್ರಾಮು ತಿದ್ದುವಾಗಲೂ ತಮಗೆ ಕೇಳಿಸುವಷ್ಟು ಆ ಸ್ವರವನ್ನು ಜೋರು ಮಾಡುತ್ತಾ ಬಂದಿದ್ದರು, ಪುವರ್ ಮ್ಯಾನ್. ತಪ್ಪು ಪ್ರೋಗ್ರಾಮಿನ ಲೆಕ್ಕದ್ದು, ಕಿವಿಯದ್ದಲ್ಲ ಅಂದುಕೊಂಡಿದ್ದರು.

ಅವರ ಹೆಂಡತಿಗೆ ಮೊದಲೇ ಗೊತ್ತಿತ್ತಂತೆ. “ನಾ ಹೇಳಿದ್ರ ಜಗಳ ತೆಗೀತಾಳ ಅಂತಾರ್ರಿ ಮೇಡಂ, ನೀವು ಹೇಳಿದ್ರ ಸೈನ್ಸ್ ಅಂತಾರ” ಅಂದಳು. ನಕ್ಕಳು, ಆದರೆ ಕಣ್ಣು ನಗಲಿಲ್ಲ. ಮಾಸ್ತರ ತಂದೆಯೂ ಅದೇ ವಯಸ್ಸಿಗೆ ಕಿವುಡಾಗಿ, ಆಮೇಲೆ ಮನೆಯಲ್ಲಿ ಯಾರೊಂದಿಗೂ ಮಾತೇ ಆಡದೆ ಹೋದರಂತೆ. ಇವರೂ ಹಾಗಾದರೆ ಎಂಬ ಹೆದರಿಕೆ ಆ ಮನೆಯಲ್ಲಿ ಬಹಳ ದಿನದಿಂದ ಇತ್ತು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಮಷೀನು ಕಪಾಟು ಸೇರಿತು. ಯಾದಗಿರಿಯ ಡಾಕ್ಟರು ಹಿಯರಿಂಗ್ ಏಡ್ ಬರೆದುಕೊಟ್ಟರು. ಅದರಿಂದ ಮಾತು ಕೇಳಿಸುತ್ತಿತ್ತು, ಆ ಮೇಲಿನ ಸ್ವರ ಬರಲಿಲ್ಲ. ಮಾಸ್ತರು ಮೆಟ್ಟಿಲ ಮೇಲೆ ಕೂರುವುದನ್ನೂ ಬಿಟ್ಟು, ತಲೆ ತಗ್ಗಿಸಿ ಹತ್ತಿ ಹೋಗುವರು. ಕೊನೆಗೊಂದು ಸಂಜೆ ನನ್ನ ಬಾಗಿಲಿಗೆ ಬಂದು, ಪ್ರೋಗ್ರಾಮನ್ನು ಇಂಟರ್ನೆಟ್ಟಿನಿಂದ ತೆಗೆದುಹಾಕುತ್ತೇನೆ ಎಂದರು. “ಕೇಳ್ಸಲಾರದವ ಹಾಡಿನ ಸಾಮಾನ್ ಮಾಡ್ಯಾನಂದ್ರ ನಗ್ತಾರ್ರಿ.”

ನನಗೆ ಸಿಟ್ಟು ಬಂತು. “ನನಗ ಕೇಳಸ್ತದಲ್ಲ. ಕೂಡ್ರಿ” ಅಂದೆ.

ಆವತ್ತಿನಿಂದ ದಿನಾ ಸಂಜೆ ಅದೇ ಕೆಲಸ. ಅವರು ಮೇಲಿನ ಸ್ವರದ ಜೋರನ್ನು ಒಂದೊಂದೇ ಮೆಟ್ಟಿಲು ಇಳಿಸುವರು, ನಾನು ಇನ್ನೂ, ಇನ್ನೂ ಅನ್ನುವೆ. ಇಳಿದಿಳಿದು ಅದು ಬಂದು ನಿಂತದ್ದು ಅವರು ಎಲ್ಲಕ್ಕಿಂತ ಮೊದಲು ಹಾಕಿದ್ದ ಲೆಕ್ಕಕ್ಕೇ. ಅಲ್ಲಿ ನಾಲ್ಕೂ ಸ್ವರ ಒಂದಾಗಿ ಕೂತವು. ಬ್ಯೂಟಿಫುಲ್ ಅಂದೆ. ಅವರ ಮುಖದಲ್ಲಿ ಏನೂ ಆಗಲಿಲ್ಲ. ಅವರ ಪಾಲಿಗೆ ಆ ಹಾಡಿನ ಮೇಲ್ಭಾಗ ಅಲ್ಲಿಗೆ ಪೂರ್ತಿ ಆರಿಹೋಗಿತ್ತು.

ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟು ಕೇಳಿದರು, “ಖರೇ ಹೇಳ್ರಿ ಮೇಡಂ. ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ. ಆ ಸ್ವರ ಅಲ್ಲಿ ಅದನಾ?”

“ಅದ, ಮಾಸ್ತರ.”

ಒತ್ತಿದರು. ಹೊಸ ಪ್ರೋಗ್ರಾಮು ಹೋಯಿತು. ನಾಲ್ಕು ದಿನಕ್ಕೆ ಮೆಸೇಜುಗಳು ಬಂದವು. ಒಬ್ಬಾತ, ಚಿಕ್ಕಂದಿನಲ್ಲಿ ಕೇಳಿದ ಹಾಗೇ ಇದೆ ಎಂದು ಬರೆದಿದ್ದ. ಮಾಸ್ತರು ಅದನ್ನು ನನಗೆ ಓದಿ ಹೇಳಿ, ಹೆಂಡತಿಗೆ ಮನೆಮಾತಾದ ದಖ್ಖನಿ ಉರ್ದುವಿನಲ್ಲಿ ಹೇಳಿ, ಮತ್ತೆ ನನಗೇ ಓದಿದರು. ಆಮೇಲೆ ಬಹಳ ಹೊತ್ತು ಮಾತಾಡಿದರು, ಗಟ್ಟಿಯಾಗಿ, ತಮ್ಮ ದನಿ ತಮಗೇ ಅಂದಾಜಿಲ್ಲದವರ ಹಾಗೆ. ಒಳಗಿಂದ ಅವರ ಹೆಂಡತಿ, ಓಣಿಗೆಲ್ಲ ಕೇಳಸ್ತದ, ಸಾವಕಾಶ ಅಂದಳು. ಆದರೆ ತಡೆಯಲಿಲ್ಲ.

ಹೋದ ಬೇಸಿಗೆಯಲ್ಲಿ ಸುರಪುರದ ಅತ್ತೆಯ ಮನೆಗೆ ಹೋದ ಮಾಸ್ತರು ಅಲ್ಲಿಯೇ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಕೊನೆತನಕ ಮಾತು ಬಿಟ್ಟಿರಲಿಲ್ಲ ಅಂತ ಅವರ ಹೆಂಡತಿ ಹೇಳಿದಾಗ ನನಗೆ ಏನೋ ಒಂದು ನೆಮ್ಮದಿ.

ಈ ವಯಸ್ಸಿನಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಔಷಧಿ ತಗೊಂಡಿರಾ ಅಂತ ಕೇಳುತ್ತಾರೆ, ದಟ್ಸ್ ಆಲ್. ತನಗೆ ಕೇಳಿಸದ ಸ್ವರ ಇದೆ ಎಂದು ನನ್ನ ಒಂದು ಮಾತಿನ ಮೇಲೆ ನಂಬಿ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟ ಮನುಷ್ಯ ಅವರೊಬ್ಬರೇ.