ಉಂಡವರ ಮುಯ್ಯಿ

ನಿನ್ನೆ ಸಂಜೆ ಹೊಸಪೇಟೆ ರೈಲ್ವೆ ನಿಲ್ದಾಣದ ಬೆಂಚಿನಲ್ಲಿ ಚಿಗವ್ವನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಒಳಗಿದ್ದ ಗುರೆಳ್ಳು ಚಟ್ನಿಯ ವಾಸನೆಗೆ ಪಕ್ಕದವರು ಮೂಗರಳಿಸಿ ನನ್ನ ಮುಖ ನೋಡಿದರು. ನನಗೋ ನಮ್ಮೂರು ಮಲಪನಗುಡಿಯಲ್ಲಿ ಅವಳ ಮನೆಯ ಹಿತ್ತಲ ಕೋಣೆ ನೆನಪಾಯಿತು.

‘ಹಂಪಿಗೆ ಹೋಗುವುದಕ್ಕಿಂತ ಕೊಂಪೆಯಲ್ಲಿರುವುದು ಲೇಸು’ ಎಂಬ ಗಾದೆ ನೀವೂ ಕೇಳಿರುತ್ತೀರಿ. ಅದನ್ನು ಕಟ್ಟಿದವನು ನಮ್ಮ ಚಿಗವ್ವನ ಮನೆಯಲ್ಲಿ ಉಂಡಿರಬೇಕೆಂದು ನನ್ನ ಗುಮಾನಿ. ಹಂಪಿಯ ಬಸ್ಸುಗಳು ನಮ್ಮೂರನ್ನು ಹಾದು ಹೋಗುತ್ತವೆ. ನಮಗೆ ಉಳಿಯುವುದು ಧೂಳು ಮತ್ತು ಖಾಲಿ ಬಾಟಲಿ. ಬಂದವರಲ್ಲಿ ನಾಲ್ಕು ಜನ ನಮ್ಮಲ್ಲೂ ಇಳಿಯಲಿ ಎಂದು ಚಿಗವ್ವ ಆ ಕೋಣೆಗೆ ಸುಣ್ಣ ಬಳಿಸಿದಳು. ಚಿಗಪ್ಪನಿಗೆ ಅದನ್ನು ಗೊಬ್ಬರದ ಅಂಗಡಿಯವರಿಗೆ ಬಾಡಿಗೆ ಕೊಡುವ ಆಸೆ.

“ದೀಪಾವಳಿ ತನಕ ನೋಡ್ತೀನಿ. ಅಷ್ಟರಾಗ ನಿನ್ ರೂಮು ಏನರ ದುಡೀಲಿಲ್ಲಂದ್ರ ಗೊಬ್ಬರದ ಚೀಲ ಬರ್ತಾವು,” ಎಂದ.

ಜನ ಬಂದರು. ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಉಂಡರು. “ಎಷ್ಟಾಯ್ತು?” ಎಂದರೆ ಚಿಗವ್ವ ಒಳಗೆ ಓಡುತ್ತಿದ್ದಳು.

“ಉಂಡವರ ಹತ್ರ ರೊಕ್ಕ ಇಸ್ಕೊಂಡ್ರ ಅನ್ನ ಮಾರಿದಂಗ ಆಗ್ತೈತಿ. ನೀ ಕಲ್ತಾಂವ, ನೀನ ಕೇಳಲೇ,” ಎಂದು ನನ್ನನ್ನು ಮುಂದೆ ಮಾಡಿದಳು. ನಾನು ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಗತ್ತಿನಿಂದ ಅವರ ಮುಂದೆ ನಿಂತು, “ಮಜ್ಜಿಗಿ ಕುಡೀತೀರೇನ್ರಿ?” ಎಂದೆ.

ದೀಪಾವಳಿ ಹತ್ತಿರ ಬಂತು. ಆಗ ಬಂದವರು ಮೈಸೂರಿನ ಒಬ್ಬ ನಿವೃತ್ತ ಟೀಚರಮ್ಮ. ಹಂಪಿಯನ್ನು ನಿಧಾನವಾಗಿ ನೋಡಿದರು, ಬಾಳೆಹಣ್ಣನ್ನೂ ನಮ್ಮೂರ ತೋಟದವರಲ್ಲೇ ಕೊಂಡರು, ಹಳೆಯ ಬಾವಿಯ ಮೆಟ್ಟಿಲ ಮೇಲೆ ಕೂತು ಚಿಗವ್ವನೊಡನೆ ಹರಟಿದರು. ಹೊರಡುವ ದಿನ ಚಿಗವ್ವ ಅವರಿಗೆ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು ಉಡಿ ತುಂಬಿದಳು. ಕಟ್ಟೆಯ ಮೇಲೆ ಚಿಗಪ್ಪ ಗೊಬ್ಬರದ ಅಂಗಡಿಗೆ ಫೋನು ಹಚ್ಚುತ್ತಿದ್ದ.

ಟೀಚರು ಎಲೆ ಅಡಿಕೆಯ ಜೊತೆ ನೋಟು ಇಟ್ಟು ಚಾಚಿದರು. ಚಿಗವ್ವ ಕೈ ಹಿಂದಕ್ಕೆಳೆದುಕೊಂಡಳು.

“ಇದು ಬಾಡಿಗೆ ಅಲ್ಲಮ್ಮ, ಮುಯ್ಯಿ. ಮಡಿಲು ತುಂಬಿಸ್ಕೊಂಡು ಬರಿಗೈಲಿ ಹೋಗೋಕಾಗುತ್ತಾ?”

ಚಿಗವ್ವ ಸಿಕ್ಕಿಬಿದ್ದಳು. ಮುಯ್ಯಿಯನ್ನು ಒಲ್ಲೆ ಎನ್ನುವಂತಿಲ್ಲ. ಆದರೆ ಒಂದು ದಿನ ತಿರುಗಿ ಮಾಡಲೇಬೇಕು.

“ತಗೊಂತೀನ್ರಿ. ಆದ್ರ ತೀರ್ಸಾಕ ನಾ ನಿಮ್ ಮನಿಗೆ ಬರಬೇಕಾಗ್ತೈತಿ.”

“ಬನ್ನಿ ಮತ್ತೆ.”

ಚಿಗಪ್ಪ ಫೋನು ಕೆಳಗಿಟ್ಟ. “ಗೊಬ್ಬರದವ್ರು ಚೀಲಕ್ಕ ಬ್ಯಾರೆ ಜಾಗ ನೋಡ್ಕೊಳ್ಳಲಿ ಬಿಡು,” ಎಂದ.

ಅಂದಿನಿಂದ ಬಂದವರಿಗೆಲ್ಲ ಮುಯ್ಯಿಯ ಅರ್ಥ ಹೇಳುವ ಕೆಲಸ ನನ್ನದಾಯಿತು. ಅವರೂ ಎಲೆ ಅಡಿಕೆಯ ಜೊತೆ ನೋಟು ಇಟ್ಟು ಹೋದರು, ಕೋಣೆ ಉಳಿಯಿತು. ಪಕ್ಕದ ಮನೆಯ ಹಾಲಿಗೂ ಓಣಿಯ ಆಟೋದವನಿಗೂ ಗಿರಾಕಿ ಸಿಕ್ಕರು.

ಈಗ ಟೀಚರ ಮೊಮ್ಮಗಳಿಗೆ ಹೆಸರಿಡುವ ಕಾರ್ಯ. ಕಂಪ್ಲಿಯ ತವರು ಬಿಟ್ಟು ಬೇರೆ ಊರು ಕಾಣದ ಚಿಗವ್ವ ಮುಯ್ಯಿ ಮಾಡಲು ನಿನ್ನೆ ಮೈಸೂರಿಗೆ ಹೊರಟಿದ್ದಳು. ರೈಲು ಬಂತು, ಚೀಲ ಕೊಟ್ಟು ಹತ್ತಿಸಿದೆ. ಕಿಟಕಿಯಿಂದ ಬಗ್ಗಿ, “ಅಲ್ಲಿ ಉಂಡಮ್ಯಾಲ ಎಷ್ಟಾತು ಅಂತ ಕೇಳ್ಲೇನು?” ಎಂದಳು.

“ಕೇಳಬ್ಯಾಡ. ಅವ್ರೂ ಒಳಗ ಓಡ್ಯಾರು.”

ನಕ್ಕಳು. ರೈಲು ಹೊರಟಾಗ ನನಗೆ ಬಹಳ ಸಂತೋಷವಾಯಿತು. ಆ ಖುಷಿಯಲ್ಲೇ, ಕೋಣೆ ಬೇಕೆಂದು ಫೋನು ಮಾಡಿದವರಿಗೆ “ನಾಳೆ ಊಟಕ್ಕ ಬರ್ರಿ,” ಎಂದುಬಿಟ್ಟೆ. ರೊಟ್ಟಿ ಬಡಿಯುವವಳು ರೈಲಿನಲ್ಲಿದ್ದಾಳೆಂದು ಹೊಳೆದದ್ದು ಆಮೇಲೆ.

ಇವತ್ತು ನಾನೇ ಬಡಿದೆ. ಒಂದೂ ದುಂಡಗಾಗಲಿಲ್ಲ. ಪುಣ್ಯವಂತರು, ತಟ್ಟೆಯಲ್ಲಿ ಚೂರೂ ಬಿಡದೆ ಉಂಡರು. ಕೈ ತೊಳೆದು, “ಎಷ್ಟಾಯ್ತು?” ಎಂದರು.

ನಾನು ಒಳಗೆ ಓಡಿದೆ.